ಹದಿನೇಳನೆಯ ನಂಬರಿನವನ ಹೆಸರು

ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನ ಹಳೆಯ ಐಸ್ ಹಾಕಿ ರಿಂಕ್‌ನಲ್ಲಿ ಗೋಲ್‌ಕೀಪರ್ ಯಾವತ್ತೂ ಬಿಲ್ಲೆಯನ್ನು ನಿಲ್ಲಿಸುವುದಿಲ್ಲ. ಎದೆಗೆ ಒತ್ತಿಕೊಳ್ಳುತ್ತಾನೆ, ಮಡಿಲಿಗೆ ಹಾಕಿಕೊಳ್ಳುತ್ತಾನೆ, ಕೆಲವು ಸಲ ‘ಮುಂದಿನ ಮನೆ ನೋಡಿಕೋ’ ಎಂದು ಆಚೆ ಕಳಿಸಿಬಿಡುತ್ತಾನೆ. ರೆಫರಿ ಸೀಟಿ ಊದಿದಾಗ ಆಟ ನಿಲ್ಲುವುದಿಲ್ಲ, ಉಸಿರು ತೆಗೆದುಕೊಳ್ಳುತ್ತದೆ. ಲೌಡ್‌ಸ್ಪೀಕರಿನಲ್ಲಿ ಹಾಗೆಂದೇ ಕೇಳಿಸುತ್ತದೆ. ಹೊಸದಾಗಿ ಬಂದವರು ನಗುತ್ತಾರೆ, ಮೈಕಿನಲ್ಲಿ ಯಾರು ಎಂದು ಪಕ್ಕದವರನ್ನು ಕೇಳುತ್ತಾರೆ. ಸಾಯ್ರಗುಲ್ ಎಜೆ ಅಂತ, ಒಂದು ಮನೆಯ ಸೊಸೆ, ಎಂದು ಉತ್ತರ ಬರುತ್ತದೆ. ಕೇಳಿದವರು ತಲೆಯಾಡಿಸಿ ಆಟ ನೋಡುತ್ತಾರೆ.

ಸಾಯ್ರಗುಲ್‌ಗೆ ಈಗ ಅರವತ್ತು ದಾಟಿದೆ. ರಿಂಕ್‌ನಲ್ಲಿ ಚಿಕ್ಕವರಿಂದ ಹಿಡಿದು ತರಬೇತುದಾರರವರೆಗೆ ಎಲ್ಲರಿಗೂ ಅವರು ಎಜೆ, ಅಕ್ಕ. ಬೆಟ್ಟದೂರು ಅತ್-ಬಾಷಿಯ ಮನೆಯೊಂದಕ್ಕೆ ಸೊಸೆಯಾಗಿ ಬಂದಾಗ ಇನ್ನೂ ಹುಡುಗಿ. ಮಾವನ ಹೆಸರು ತೊಕ್ತೊಸುನ್. ‘ನಿಲ್ಲಲಿ’ ಎಂದು ಅದರ ಅರ್ಥ. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಇದಾದರೂ ನಿಲ್ಲಲಿ ಎಂದು ತಾಯ್ತಂದೆ ಆ ಹೆಸರಿಟ್ಟರು. ಅವರು ನಿಂತರು, ಎಂಬತ್ತು ದಾಟುವವರೆಗೂ ನಿಂತರು. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಿಗೆ ತರುವಂತಿಲ್ಲ, ಆ ಹೆಸರಿನೊಳಗಿನ ಮಾತನ್ನೂ ತರುವಂತಿಲ್ಲ. ಮಾವ ತೆಮಿರ್ ಆಗಿದ್ದರೆ ಕಬ್ಬಿಣಕ್ಕೆ ಬೇರೆ ಮಾತು ಹುಡುಕಬೇಕು. ಸಾಯ್ರಗುಲ್ ಪಾಲಿಗೆ ಬಂದದ್ದು ‘ನಿಲ್ಲು’. ದಿನಕ್ಕೆ ನೂರು ಸಲ ಬೇಕಾಗುವ ಮಾತು. ಕುದುರೆಗೆ ಬೇಕು, ಕರುವಿಗೆ ಬೇಕು, ಓಡುವ ಮಗುವಿಗೆ ಬೇಕು. ಓರಗಿತ್ತಿಯರು ಅಯ್ಯೋ ಪಾಪ ಎನ್ನುತ್ತಿದ್ದರು. ಸಾಯ್ರಗುಲ್ ಒಂದು ಚಳಿಗಾಲ ಕಳೆಯುವುದರೊಳಗೆ ಆ ಮಾತಿಲ್ಲದೆ ಬದುಕುವುದನ್ನು ಕಲಿತರು.

ಕಲಿತ ವಿದ್ಯೆ ಕೆಲಸಕ್ಕೆ ಬಂದದ್ದು ನಾರಿನ್ ಬಸ್ ನಿಲ್ದಾಣದಲ್ಲಿ. ದನಿ ಚೆನ್ನಾಗಿದೆಯೆಂದು ಅವರನ್ನು ಪ್ರಕಟಣೆಗೆ ಕೂರಿಸಿದರು. ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವುದೇ ಅಲ್ಲಿಯ ಮುಖ್ಯ ಕೆಲಸ. ಬಿಷ್ಕೆಕ್ ಬಸ್ಸು ಬಾವಿಯ ಪಕ್ಕದಲ್ಲಿ ದಣಿವಾರಿಸಿಕೊಳ್ಳುತ್ತಿದೆ ಎಂದು ಇವರು ಮೈಕಿನಲ್ಲಿ ಹೇಳಿದರೆ, ಮೊದಮೊದಲು ಕೆಲವರು ಬಸ್ಸು ಕೆಟ್ಟಿದೆಯೆಂದು ತಿಳಿದು ಚೀಟಿ ವಾಪಸ್ ಕೊಡಲು ಹೋಗುತ್ತಿದ್ದರಂತೆ. ಆಮೇಲೆ ಡ್ರೈವರುಗಳೇ ಆ ಮಾತನ್ನು ಬಳಸತೊಡಗಿದರು.

ಗಂಡನಿಗೆ ರಾಜಧಾನಿಯಲ್ಲಿ ಕೆಲಸವಾಗಿ ಸಂಸಾರ ಬಿಷ್ಕೆಕ್‌ಗೆ ಬಂತು. ಸಾಯ್ರಗುಲ್ ರಿಂಕ್‌ನಲ್ಲಿ ಬಾಡಿಗೆ ಸ್ಕೇಟ್ ಕೊಡುವ ಕಿಟಕಿಯಲ್ಲಿ ಕೂತರು. ಒಂದು ಪಂದ್ಯದ ದಿನ ಪ್ರಕಟಣೆ ಮಾಡುವಾತನ ಗಂಟಲು ಕಟ್ಟಿತ್ತು. ಬಸ್ ನಿಲ್ದಾಣದ ಕತೆ ಗೊತ್ತಿದ್ದ ಯಾರೋ ಅವರ ಕೈಗೆ ಮೈಕು ಕೊಟ್ಟರು. ಅಂದಿನಿಂದ ಅದು ಅವರ ಕೈಯಲ್ಲೇ ಇದೆ. ಗಂಡ ತೀರಿಕೊಂಡ ಚಳಿಗಾಲದಲ್ಲಿ ಮಾತ್ರ ಬೇರೆಯವರು ಹಿಡಿದಿದ್ದರು.

ಈಗ ಮೊಮ್ಮಗನ ವಿಷಯ. ಮಗನಿಗೆ ಮೊದಲ ಗಂಡು ಮಗು ಹುಟ್ಟಿದಾಗ, ನಡೆದುಬಂದ ಪದ್ಧತಿಯಂತೆ ಅದನ್ನು ಅಜ್ಜ ಅಜ್ಜಿಯ ಮಡಿಲಿಗೆ ತಂದು ಹಾಕಿದರು. ಅದೇ ವರ್ಷ ಅತ್-ಬಾಷಿಯ ಮಾವ ಕಣ್ಮುಚ್ಚಿದ್ದರು. ಸಾಯ್ರಗುಲ್ ಗಂಡ ತಂದೆಯ ಹೆಸರನ್ನೇ ಮಗುವಿಗೆ ಇಟ್ಟರು. ಹಾಗಾಗಿ ತಾನೇ ಸಾಕಿದ ಮಗುವಿನ ಹೆಸರು ಸಾಯ್ರಗುಲ್ ಬಾಯಿಗೆ ಬಾರದ ಹೆಸರಾಯಿತು. ಅವರು ಅವನನ್ನು ತುರಾರ್ ಎಂದು ಕರೆದರು. ‘ಇರುತ್ತಾನೆ’ ಎಂದರ್ಥ, ಅರ್ಥದಲ್ಲಿ ಹೆಚ್ಚು ದೂರ ಹೋಗಲಿಲ್ಲ. ಚಿಕ್ಕವನಿದ್ದಾಗ ಹುಡುಗ ತಾನು ಇಬ್ಬರೆಂದು ತಿಳಿದಿದ್ದ. ಶಾಲೆಗೆ ಹೋಗುವವನು ತೊಕ್ತೊಸುನ್, ಮನೆಯಲ್ಲಿ ಇರುವವನು ತುರಾರ್. ಕಿಟಕಿ ಗಾಜು ಒಡೆದದ್ದು ಯಾರು ಎಂದು ಕೇಳಿದರೆ ಶಾಲೆಗೆ ಹೋಗುವವನು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಅವನಿಗೀಗ ಹತ್ತೊಂಬತ್ತು. ದೇಶದ ತಂಡದಲ್ಲಿ ಸರದಿಯ ಮೇಲೆ ಐಸಿಗಿಳಿಯುವ ಸಾಲುಗಳ ಪೈಕಿ ಮೂರನೆಯ ಸಾಲಿನ ಎಡಬದಿಯ ಆಟಗಾರ, ನಂಬರ್ ಹದಿನೇಳು.

ದೇಶಕ್ಕೆ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಸುವ ಅವಕಾಶ ಬಂದ ಸುದ್ದಿ ಶರತ್ಕಾಲದಲ್ಲಿ ಬಂತು. ಕೆಳಗಿನ ದರ್ಜೆಯ ಪಂದ್ಯಾವಳಿ, ಆದರೂ ಆರು ದೇಶಗಳು. ತಂಡದಲ್ಲಿ ಟ್ಯಾಕ್ಸಿ ಓಡಿಸುವವರಿದ್ದಾರೆ, ಒಬ್ಬ ಹಲ್ಲಿನ ಡಾಕ್ಟರ್ ಇದ್ದಾನೆ, ಉಳಿದವರು ವಿದ್ಯಾರ್ಥಿಗಳು. ಹೆಚ್ಚಿನವರು ಆಟ ಕಲಿತದ್ದು ಬೆಟ್ಟದೂರುಗಳಲ್ಲಿ, ಅಂಗಳಕ್ಕೆ ನೀರು ಬಿಟ್ಟು ಹೆಪ್ಪುಗಟ್ಟಿಸಿದ ಐಸಿನ ಮೇಲೆ. ಸಂಘಟನೆಯ ಹೊಣೆ ಹೊತ್ತ ಕಲ್ಮುರಾತ್ ಒಂದು ಕಾಲಕ್ಕೆ ತಾನೂ ಆಡಿದವರು, ಮುಂದಿನ ಎರಡು ಹಲ್ಲು ಅಲ್ಲೇ ಬಿಟ್ಟವರು. ರಿಂಕ್ ಸುತ್ತಲಿನ ಬಿರುಕುಬಿಟ್ಟ ಗಾಜುಗಳು ಬದಲಾದವು. ಐಸಿನ ನಡುವೆ ಎಳೆದ ಕೆಂಪು ಗೆರೆ ಮೊದಲ ಸಲ ಸೊಟ್ಟಗೆ ಬಂದು, ಕರಗಿಸಿ ಮತ್ತೆ ಎಳೆದರು. ಅತಿಥಿಗಳ ಸ್ವಾಗತಕ್ಕೆ ಬೋರ್ಸೊಕ್ ಎಂಬ ಹಿಟ್ಟಿನ ತಿಂಡಿ ಕರಿಯುವ ಕೆಲಸವನ್ನು ಆಟಗಾರರ ಮನೆಯ ಹೆಂಗಸರು ಹಂಚಿಕೊಂಡರು. ಬಂದವರಿಗೆಲ್ಲ ಮರ್ಯಾದೆಯ ಬಿಳಿ ಟೋಪಿ ಕಲ್ಪಕ್ ತೊಡಿಸಬೇಕೋ ಬೇಡವೋ ಎಂದು ಇಡೀ ಒಂದು ಸಭೆ ನಡೆಯಿತು. ಗೆದ್ದ ಸಂಭ್ರಮದಲ್ಲಿ ಅವರು ಟೋಪಿಯನ್ನು ಮೇಲಕ್ಕೆ ಎಸೆದು, ಅದು ನೆಲಕ್ಕೆ ಬಿದ್ದರೆ ಅದನ್ನು ನೋಡುವುದು ಹೇಗೆ ಎಂದು ಹಿರಿಯರೊಬ್ಬರು ಕೇಳಿದರು. ಕೊನೆಗೆ ತರಬೇತುದಾರರಿಗೆ ಮಾತ್ರ ಎಂದು ತೀರ್ಮಾನವಾಯಿತು, ಅವರಿಗೆ ವಯಸ್ಸಾಗಿದೆ, ಎಸೆಯಲಾರರು ಎಂಬ ನಂಬಿಕೆಯಿಂದ.

ಪ್ರಕಟಣೆ ಮಾತ್ರ ಚರ್ಚೆಗೇ ಬರಲಿಲ್ಲ. ಕಿರ್ಗಿಸ್ ಭಾಷೆಯಲ್ಲಿ ಸಾಯ್ರಗುಲ್, ಅದರ ಬೆನ್ನಿಗೇ ಇಂಗ್ಲಿಷಿನಲ್ಲಿ ಕಾಲೇಜಿನ ಉಪನ್ಯಾಸಕಿ ಎಲ್ನೂರಾ. ಸಾಯ್ರಗುಲ್ ನೀಲಿ ಮಖಮಲ್ಲಿನ ಹೊಸ ಕೋಟು ಹೊಲಿಸಿಕೊಂಡರು.

ತೊಡಕು ಬಂದದ್ದು ಪೂರ್ವಸಿದ್ಧತೆಯ ಪಂದ್ಯದಲ್ಲಿ. ನೆರೆದೇಶದ ಅಲ್ಮಾಟಿಯಿಂದ ಒಂದು ಕ್ಲಬ್ಬನ್ನು ಕರೆಸಿದ್ದರು. ಪಂದ್ಯಾವಳಿಯ ಪರವಾಗಿ ಹೊರದೇಶದ ಒಬ್ಬ ಮೇಲ್ವಿಚಾರಕರು ಬಂದಿದ್ದರು, ಮೆಲುಮಾತಿನ ಎತ್ತರದ ಮನುಷ್ಯ. ಎರಡನೆಯ ಅವಧಿಯಲ್ಲಿ ಮೊಮ್ಮಗ ಗೋಲು ಹೊಡೆದ. ಸಾಯ್ರಗುಲ್ ಎಂದಿನಂತೆ, ನಂಬರ್ ಹದಿನೇಳು ತುರಾರ್ ಎಂದರು. ಎಲ್ನೂರಾ ತನ್ನ ಮುಂದಿದ್ದ ಹಾಳೆ ನೋಡಿ ತೊಕ್ತೊಸುನ್ ಎಂದಳು. ಮೇಲ್ವಿಚಾರಕರು ತಮ್ಮ ಹಾಳೆಯನ್ನು ತಿರುವಿದರು. ತುರಾರ್ ಎಂಬ ಆಟಗಾರ ಅದರಲ್ಲಿ ಇರಲಿಲ್ಲ. ಒಂದೇ ನಂಬರಿಗೆ ಇಬ್ಬರು ಎಂದರೆ ಅವರ ಅನುಭವದಲ್ಲಿ ಅದಕ್ಕೆ ಒಂದೇ ಅರ್ಥ: ಯಾರದೋ ಹೆಸರಿನಲ್ಲಿ ಇನ್ಯಾರೋ ಆಡುತ್ತಿದ್ದಾರೆ. ಅವರು ಎದ್ದು ಆಟವನ್ನು ತಡೆಸಿದರು, ಹುಡುಗನ ಪಾಸ್‌ಪೋರ್ಟು ಕೇಳಿದರು.

ಪಾಸ್‌ಪೋರ್ಟು ಬಂತು, ಮುಖ ಹೊಂದಿತು, ಹೆಸರೂ ಹೊಂದಿತು. ಹಾಗಾದರೆ ತುರಾರ್ ಯಾರು ಎಂದು ಅವರು ಕೇಳಿದರು. ಕಲ್ಮುರಾತ್ ಹೇಳಿದ್ದನ್ನು ಎಲ್ನೂರಾ ಅನುವಾದಿಸಿದಳು: ಇವರು ಆ ಹೆಸರು ಹೇಳುವಂತಿಲ್ಲ, ಅದು ಇವರ ಮಾವನದು. ಮೇಲ್ವಿಚಾರಕರು ಗಂಭೀರವಾಗಿ, ಆ ಮಾವ ಕೂಡ ತಂಡದಲ್ಲಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದಳು ಎಲ್ನೂರಾ. ಹಾಗಾದರೆ ಅವರೊಡನೆ ಮಾತಾಡಿ ಒಪ್ಪಿಗೆ ಪಡೆಯಬಹುದೇ ಎಂದು ಕೇಳಿದರು. ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು ಎಂದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: ನಿಮ್ಮ ಪದ್ಧತಿಯನ್ನು ಗೌರವಿಸುತ್ತೇನೆ, ಆದರೆ ಹಾಳೆಯಲ್ಲಿ ಏನಿದೆಯೋ ಅದನ್ನೇ ಎರಡೂ ಭಾಷೆಯಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಬೇರೆಯವರನ್ನು ಕೂರಿಸಿ.

ಪಂದ್ಯ ಮುಗಿದ ಮೇಲೆ ಕಲ್ಮುರಾತ್ ಸ್ಕೇಟ್ ಕಿಟಕಿಯ ಬಳಿ ಬಂದು ಒಂದು ದಾರಿ ಹುಡುಕಿದ್ದನ್ನು ಹೇಳಿದರು. ಆ ಒಂದು ಹೆಸರು ಬಂದಾಗ ಮಾತ್ರ ಎಲ್ನೂರಾ ಎರಡೂ ಭಾಷೆಯಲ್ಲಿ ಹೇಳಿಬಿಡಲಿ.

“ಎಜೆ, ನಿಮ್ಮ ದನಿ ಇಲ್ದೆ ನಾನು ಈ ಪಂದ್ಯಾವಳಿ ನಡ್ಸಲ್ಲ. ಒಂದ್ ಹೆಸರು ತಾನೇ. ಮೈಕು ಅವಳ ಕಡೆ ತಿರುಗಿಸಿದ್ರೆ ಆಯ್ತು.”

ಸಾಯ್ರಗುಲ್ ಒಪ್ಪಿದರು. ಸುಲಭವಾಗಿಯೇ ಒಪ್ಪಿದರು. ಮನೆಗೆ ಬಂದು ಊಟಕ್ಕೆ ಕೂತಾಗ ಹುಡುಗನಿಗೂ ಅದನ್ನೇ ಹೇಳಿದರು. ಅವನು ಬಹಳ ಹೊತ್ತು ರೊಟ್ಟಿ ಮುರಿಯುತ್ತ ಕೂತ. ತಟ್ಟೆಯ ಪಕ್ಕದಲ್ಲಿ ಚೂರುಗಳ ಗುಡ್ಡೆಯಾಯಿತು.

“ಎಲ್ರ ಹೆಸರೂ ನೀನೇ ಹೇಳ್ತೀಯ, ಅಜ್ಜಿ. ಆ ಟ್ಯಾಕ್ಸಿ ಮರಾತ್‌ಂದೂ ಹೇಳ್ತೀಯ. ಎದುರು ತಂಡದವ್ರದ್ದೂ ಹೇಳ್ತೀಯ. ನಂದು ಮಾತ್ರ ಎಲ್ನೂರಾ ಮೇಡಮ್ಮಾ?”

ದೂರುವ ದನಿಯಲ್ಲಿ ಹೇಳಲಿಲ್ಲ. ತಮಾಷೆಯಂತೆಯೇ ಹೇಳಿ ಎದ್ದುಹೋದ. ಆದರೆ ಸಾಯ್ರಗುಲ್ ಅಂದಿನಿಂದ ಮೈಕು ತಿರುಗಿಸುವ ಏರ್ಪಾಟಿನ ಮಾತೆತ್ತಲಿಲ್ಲ. ಆ ಏರ್ಪಾಟು ಬೇಡವೆಂದರೆ ಉಳಿಯುವುದು ಎರಡೇ: ಹೆಸರು ಹೇಳಬೇಕು, ಇಲ್ಲವೇ ಮೈಕು ಬಿಟ್ಟು ಬಾಡಿಗೆ ಸ್ಕೇಟುಗಳ ಕಿಟಕಿಗೆ ಮರಳಬೇಕು. ದೇಶದ ಮೊದಲ ಪಂದ್ಯಾವಳಿಯನ್ನು ಅಲ್ಲಿಂದ ಕೇಳಬೇಕು.

ಮನೆಯಲ್ಲಿ ಇನ್ನೊಬ್ಬರಿದ್ದರು. ಸಾಯ್ರಗುಲ್ ಅತ್ತೆ ಕಾಲಿಚಾ, ತೊಂಬತ್ತರ ಹತ್ತಿರದವರು, ಆ ಹೆಸರಿನ ಹಿರಿಯರ ಹೆಂಡತಿ. ಕಿವಿ ಚುರುಕು, ಮೊಣಕಾಲಿಗೆ ಮಾತ್ರ ಶಕ್ತಿಯಿಲ್ಲ. ಸೊಸೆ ಮೈಕಿನಲ್ಲಿ ಹೇಳುವುದನ್ನೆಲ್ಲ ಪಕ್ಕದ ಮನೆಯವರ ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಲಕ್ಷ ಜನ ಕೇಳುವಾಗಲೂ ನನ್ನ ಸೊಸೆ ಮಾವನ ಹೆಸರು ಎತ್ತಲಿಲ್ಲ ಎಂದು ಬಂದವರೆದುರು ಹೇಳಿಕೊಳ್ಳುವುದು ಅವರ ಹೆಮ್ಮೆ. ಲಕ್ಷ ಎಂಬುದು ಅವರ ಲೆಕ್ಕ. ರಿಂಕ್‌ನಲ್ಲಿ ಅಷ್ಟು ಜನ ಹಿಡಿಸುವುದಿಲ್ಲ.

ಗುರುವಾರ ಬಂತು. ಸತ್ತವರಿಗಾಗಿ ಎಣ್ಣೆ ಕಾಯಿಸಿ ವಾಸನೆ ಬಿಡುವ ದಿನ. ಅತಿಥಿಗಳ ಪಾಲಿನ ಬೋರ್ಸೊಕ್ ಕೂಡ ಅಂದೇ ಕರಿಯುವುದೆಂದು ಅತ್ತೆ ಸೊಸೆ ಮಧ್ಯಾಹ್ನವೇ ಅಡುಗೆಮನೆ ಸೇರಿದರು. ಕಾಲಿಚಾ ಕೂತಲ್ಲೇ ಹಿಟ್ಟು ಕತ್ತರಿಸುತ್ತಿದ್ದರು. ಸಾಯ್ರಗುಲ್ ಬಾಣಲೆಯ ಮುಂದಿದ್ದರು. ಮುಖ ಆ ಕಡೆ ಇದ್ದುದರಿಂದಲೇ ಇರಬೇಕು, ಅಮ್ಮ ಎಂಬರ್ಥದಲ್ಲಿ ಅಪಾ ಎಂದು ಕರೆದು ಕೇಳಲು ಧೈರ್ಯ ಬಂತು.

“ಅಪಾ, ನಾನು ಆ ಹೆಸರು ಹೇಳಿದ್ರೆ ನಿಮಗೆ ಬೇಜಾರಾಗತ್ತಾ?”

ಚಾಕು ಸದ್ದು ಮಾಡುವುದನ್ನು ಬಿಟ್ಟಿತು.

“ನಾನು ಸತ್ತ ಮೇಲೆ ಹೇಳ್ಕೋ,” ಎಂದರು ಕಾಲಿಚಾ. “ಇನ್ನೇನು ದೂರ ಇಲ್ಲ.”

“ಪಂದ್ಯ ಮುಂದಿನ ವಾರ.”

“ಅಷ್ಟು ಬೇಗ ಆಗಲ್ಲ ಬಿಡು.”

ಇಬ್ಬರೂ ನಗಲಿಲ್ಲ. ಸಾಯ್ರಗುಲ್ ಕರಿದದ್ದನ್ನು ಎತ್ತಿ ಬುಟ್ಟಿಗೆ ಹಾಕಿದರು. ಆಮೇಲೆ, ಹುಡುಗ ಊಟದ ಹೊತ್ತಿನಲ್ಲಿ ಕೇಳಿದ್ದನ್ನು ಹೇಳಿದರು. ಟ್ಯಾಕ್ಸಿ ಮರಾತ್‌ನ ಮಾತನ್ನೂ ಬಿಡದೆ ಹೇಳಿದರು.

ಕಾಲಿಚಾ ಹಿಟ್ಟಿನ ಕೈಯನ್ನು ಮಡಿಲಿನಲ್ಲಿಟ್ಟುಕೊಂಡು ಕೂತರು. ಮಗುವಿಗೆ ಆ ಹೆಸರು ಇಡುವಾಗ ತಾನು ಬೇಡವೆಂದಿದ್ದೆ ಎಂದರು. ಮನೆಯ ಹೆಂಗಸರು ಯಾರೂ ಕರೆಯಲಾಗದ ಹೆಸರು ಮಗುವಿಗೆ ಯಾಕೆ, ಮಗುವನ್ನು ಕರೆಯುವವರು ಹೆಂಗಸರೇ ಅಲ್ಲವೇ ಎಂದು ಕೇಳಿದ್ದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅವರು ನಾರಿನ್ ಆಸ್ಪತ್ರೆಯ ಮಾತು ತೆಗೆದರು. ಸೊಸೆ ಇಷ್ಟು ವರ್ಷದಲ್ಲಿ ಕೇಳಿರದ ಮಾತು ಅದು. ಗಂಡನನ್ನು ಅಲ್ಲಿ ಮಲಗಿಸಿದ್ದರು. ನರ್ಸು ಬಂದು ರೋಗಿಯ ಹೆಸರು ಕೇಳಿದಳು. ಕಾಲಿಚಾ ಹೇಳಲಾಗದೆ ಹೊರಗೆ ಹೋಗಿ ಯಾರೋ ಗಂಡಸನ್ನು ಕರೆತಂದು ಹೇಳಿಸಿದ್ದರು. ಅದೇನೂ ದೊಡ್ಡ ಸಂಗತಿಯಲ್ಲ ಎಂದರು.

“ಬೆಳಗಿನ ಜಾವ ಅವರು ಹೋಗ್ತಾ ಇದ್ರು. ಗೊತ್ತಾಯ್ತು ನಂಗೆ. ಕೂಗ್ದೆ. ಏನಂತ ಕೂಗ್ದೆ ಹೇಳು? ‘ಕೇಳ್ತಾ, ಕೇಳ್ತಾ’ ಅಂತ. ಮದುವೆ ಆದಾಗಿಂದ ಹಾಗೇ ಕರೀತಿದ್ನಲ್ಲ. ಬೇರೆ ಬರ್ಲಿಲ್ಲ.” ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ತೆಗೆಯುತ್ತ ಹೇಳಿದರು: “ಹೋಗ್ತಿರೋರನ್ನ ತಡಿಯೋ ಮಾತೂ ಅವರ ಹೆಸರಲ್ಲೇ ಇತ್ತಲ್ಲ, ಅದೂ ಬರ್ಲಿಲ್ಲ ನೋಡು.”

ಎಣ್ಣೆ ಹೊಗೆಯಾಡತೊಡಗಿತ್ತು. ಸಾಯ್ರಗುಲ್ ಉರಿ ತಗ್ಗಿಸಿ, ಕೈ ಒರೆಸಿಕೊಂಡು ಅತ್ತೆಯ ಎದುರು ನೆಲದ ಮೇಲೆ ಕೂತರು.

ಕಾಲಿಚಾ ಮೊದಲು ಅಂಗೈಗಳನ್ನು ತೆರೆದು ಪ್ರಾರ್ಥನೆ ಮಾಡಿದರು. ಎಂದಿನ ಪ್ರಾರ್ಥನೆಯೇ, ಸತ್ತವರಿಗೆ ವಾಸನೆ ಮುಟ್ಟಲಿ ಎಂದು. ಕೊನೆಗೆ ಮಾತ್ರ ಒಂದಷ್ಟು ಬೇರೆ ಮಾತು ಸೇರಿಸಿದರು. ಹುಡುಗ ಐಸಿನ ಮೇಲೆ ಬಿಲ್ಲೆ ಹೊಡೆಯುತ್ತಾನೆ, ಚೆನ್ನಾಗಿಯೇ ಹೊಡೆಯುತ್ತಾನೆ, ಅವನನ್ನು ಕರೆಯಬೇಕಾಗಿದೆ, ನೀವೇನೂ ಅಂದುಕೊಳ್ಳಬೇಡಿ, ಎಂದು ಗಂಡನಿಗೆ ತಿಳಿಸಿದರು. ಮುಖದ ಮೇಲೆ ಕೈಯಾಡಿಸಿಕೊಂಡು, ಈಗ ಹೇಳು ಎಂದರು ಸೊಸೆಗೆ.

ಸಾಯ್ರಗುಲ್ ಬಾಯಿ ತೆರೆದರು. ಬರಲಿಲ್ಲ. ಬಂದದ್ದು ಮೊದಲ ಅಕ್ಷರ ಮಾತ್ರ, ಕೆಮ್ಮಿನಂತೆ. ಅತ್ತೆ, ಅದೇನು ಕೋಳಿ ಕರೆಯುವುದೇ ಎಂದು ಕೇಳಿದರು. ನೀವೇ ಹೇಳಿಕೊಡಿ ಎಂದರು ಸಾಯ್ರಗುಲ್. ಕಾಲಿಚಾ ಬೆನ್ನು ನೆಟ್ಟಗೆ ಮಾಡಿದರು, ಗಂಟಲು ಸರಿಮಾಡಿಕೊಂಡರು, ಬಾಯಿ ತೆರೆದರು. ಅವರಿಗೂ ಬರಲಿಲ್ಲ. ಮುಖ ಕೆಂಪಾಯಿತು. ಸೆರಗಿನಂತೆ ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಗತೊಡಗಿದರು. ಸಾಯ್ರಗುಲ್‌ಗೂ ನಗು ತಡೆಯಲಾಗಲಿಲ್ಲ. ಪಕ್ಕದ ಮನೆಯ ಹೆಂಗಸು ಇವರ ನಗು ಕೇಳಿ ಬಾಗಿಲಿಗೆ ಬಂದು, ಏನಾಯಿತು ಎಂದು ವಿಚಾರಿಸಿ ಹೋದಳು. ಏನಿಲ್ಲ, ಹಿಟ್ಟು ಉಬ್ಬಲಿಲ್ಲ ಎಂದು ಅವಳಿಗೆ ಹೇಳಿದರು.

ಅವಳು ಹೋದ ಮೇಲೆ, ನಗುವಿನ ಕೊನೆಯ ಉಸಿರಿನಲ್ಲೇ, ಕಾಲಿಚಾ ಆ ಹೆಸರನ್ನು ಹೇಳಿದರು. ಜೋರಾಗಿ ಅಲ್ಲ. ಯಾರನ್ನೋ ಊಟಕ್ಕೆ ಕರೆಯುವಷ್ಟು ದನಿಯಲ್ಲಿ. ಹೇಳಿ, ಕಿಟಕಿಯ ಕಡೆ ನೋಡುತ್ತ ಕೂತರು. ಸಾಯ್ರಗುಲ್ ಎದ್ದು ಬಾಣಲೆಯ ಮುಂದೆ ಹೋದರು, ಅತ್ತೆ ಕಣ್ಣೊರೆಸಿಕೊಳ್ಳುವುದನ್ನು ಸೊಸೆ ನೋಡಬಾರದೆಂದು.

ಪಂದ್ಯಾವಳಿಯ ಮೊದಲ ದಿನ ರಿಂಕ್ ತುಂಬಿತ್ತು. ಅತ್-ಬಾಷಿಯಿಂದ ಒಂದು ಬಸ್ಸೇ ಬಂದಿತ್ತು. ಕಾಲಿಚಾ ಮೊಣಕಾಲಿನ ಕಾರಣ ಹೇಳಿ ಬರಲಿಲ್ಲ. ಪಕ್ಕದ ಮನೆಯ ಟೀವಿಯ ಮುಂದೆ ಆಟ ಶುರುವಾಗುವ ಬಹಳ ಮೊದಲೇ ಕೂತಿದ್ದರು. ಸಾಯ್ರಗುಲ್ ಮುಂಜಾನೆಯೇ ಕಲ್ಮುರಾತ್‌ಗೆ, ಮೈಕು ತಿರುಗಿಸುವುದು ಬೇಡ ಎಂದು ತಿಳಿಸಿದ್ದರು. ಅವರು ಕಾರಣ ಕೇಳಲಿಲ್ಲ. ಎಲ್ನೂರಾ ಮಾತ್ರ, ಕಷ್ಟವಾದರೆ ನನ್ನ ಮೊಣಕೈ ಮುಟ್ಟಿ ಎಂದಳು.

ಪ್ರಕಟಣೆ ಮಾಡುವವರ ಮೇಜು ಐಸಿನ ಮಟ್ಟದಲ್ಲೇ ಇರುತ್ತದೆ. ಅದರ ಎರಡೂ ಬದಿಗೆ ತಪ್ಪು ಮಾಡಿದ ಆಟಗಾರರನ್ನು ಕೂರಿಸುವ ಗೂಡುಗಳು. ನಡುವೆ ಒಂದು ಗಾಜು, ಗಾಜಿನಲ್ಲಿ ಮಾತಾಡಲು ಒಂದು ಚಿಕ್ಕ ಕಂಡಿ.

ಆಟದ ಮೊದಲು ಹೇಳಬೇಕಾದದ್ದು ಮೊದಲ ಸಾಲಿನವರ ಹೆಸರುಗಳಷ್ಟೇ. ಮೂರನೆಯ ಸಾಲಿನವನದು ಬರಲಿಲ್ಲ. ಸಾಯ್ರಗುಲ್ ಗೋಲಿಗಾಗಿ ಕಾದರು. ಗೋಲು ಹೊಡೆದವನ ಹೆಸರಾಗಿ ಅದು ಮೊದಲು ಬಾಯಿಗೆ ಬರಲಿ ಎಂದು ಅವರ ಮನಸ್ಸಿನಲ್ಲಿತ್ತು. ಹುಡುಗ ಐಸಿಗೆ ಇಳಿದಾಗಲೆಲ್ಲ ಅವರ ಕೈ ಮೈಕಿನ ಗುಂಡಿಯ ಮೇಲೆ ಹೋಗುತ್ತಿತ್ತು. ಎರಡು ಸಲ ಅವನು ಹೊಡೆದ ಬಿಲ್ಲೆ ಗೋಲಿನ ಕಂಬಕ್ಕೆ ತಾಗಿ ಹೋಯಿತು.

ಆಮೇಲೆ ಎದುರಾಳಿಯೊಬ್ಬ ಇವನನ್ನು ದಾಟಿ ಗೋಲಿನ ಕಡೆ ನುಗ್ಗಿದ. ಇವನು ಕೋಲು ಚಾಚಿದ. ಅವನು ಮಕಾಡೆ ಬಿದ್ದ. ರೆಫರಿಯ ತೋಳು ಮೇಲಕ್ಕೆ ಹೋಯಿತು, ಸೀಟಿಯಾಯಿತು. ರೆಫರಿ ಮೇಜಿನ ಬಳಿ ಜಾರಿ ಬಂದು ನಂಬರನ್ನೂ ತಪ್ಪನ್ನೂ ತಿಳಿಸಿದ: ಹದಿನೇಳು, ಕೆಡವಿದ್ದು, ಎರಡು ನಿಮಿಷ.

ಸಾಯ್ರಗುಲ್ ಗುಂಡಿ ಒತ್ತಿದರು. ಕಿರ್ಗಿಸ್ತಾನ್ ಎಂದರು. ನಂಬರ್ ಹದಿನೇಳು ಎಂದರು. ಇಷ್ಟಾದ ಮೇಲೆ ಲೌಡ್‌ಸ್ಪೀಕರಿನಲ್ಲಿ ಉಸಿರಿನ ಸದ್ದು ಮಾತ್ರ ಕೇಳಿಸಿತು. ಅತ್-ಬಾಷಿಯವರು ಕೂತಿದ್ದ ಕಡೆ ಗದ್ದಲ ತಾನಾಗಿ ಅಡಗಿತು. ಎಲ್ನೂರಾ ತನ್ನ ಮೊಣಕೈಯನ್ನು ಸ್ವಲ್ಪ ಹತ್ತಿರ ತಂದಳು.

“ತೊಕ್ತೊಸುನ್,” ಎಂದರು ಸಾಯ್ರಗುಲ್. “ಕೋಲು ಕೊಟ್ಟು ಕೆಡವಿದ್ದಕ್ಕೆ. ಎರಡು ನಿಮಿಷ.”

ದಂಡ ಬಿದ್ದವನ ಹೆಸರಿಗೆ ಸ್ವಂತ ಊರಿನವರು ಚಪ್ಪಾಳೆ ತಟ್ಟುವುದನ್ನು ಮೇಲ್ವಿಚಾರಕರು ಎಂದೂ ನೋಡಿರಲಿಲ್ಲ. ಅವರು ಹಾಳೆಯಲ್ಲಿ ಗುರುತು ಹಾಕಿಕೊಂಡರು, ತಲೆಯೆತ್ತಿ ಮೇಜಿನ ಕಡೆ ನೋಡಿದರು, ಮತ್ತೆ ಬಗ್ಗಿದರು.

ಹುಡುಗ ಬಂದು ಗೂಡಿನಲ್ಲಿ ಕೂತ. ಹೆಲ್ಮೆಟ್ಟಿನೊಳಗಿಂದ ಬೆವರು ಇಳಿಯುತ್ತಿತ್ತು. ಅಜ್ಜಿಗೂ ಅವನಿಗೂ ನಡುವೆ ಇದ್ದದ್ದು ಆ ಗಾಜು ಮಾತ್ರ. ಮೇಜಿನವರು ಆಟಗಾರರೊಡನೆ ಮಾತಾಡುವಂತಿಲ್ಲ ಎಂದು ಸಾಯ್ರಗುಲ್‌ಗೆ ಹೇಳಿದ್ದರು. ಅವರು ಗಡಿಯಾರ ನೋಡುತ್ತ ಕೂತರು. ಹುಡುಗ ಬಾಯನ್ನು ಕಂಡಿಯ ಹತ್ತಿರ ತಂದ.

“ಅಜ್ಜಿ, ನಾನೇನ್ ಬೀಳಿಸ್ಲಿಲ್ಲ. ಅವನೇ ಬಿದ್ದ.”

ಮೈಕು ಆರಿದೆಯೇ ಎಂದು ಸಾಯ್ರಗುಲ್ ಒಮ್ಮೆ ನೋಡಿಕೊಂಡರು. ಆರಿತ್ತು.

“ನಾನು ನೋಡಿದೀನಿ. ಬಾಯ್ ಮುಚ್ಕೊಂಡ್ ಕೂತ್ಕೋ, ತೊಕ್ತೊಸುನ್.”

ಅವನು ಬಾಯಿ ಮುಚ್ಚಿಕೊಂಡು ಕೂತ. ಗಡಿಯಾರದಲ್ಲಿ ಇನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ಉಳಿದಿತ್ತು.